ಪಕ್ಕದ ಮಂಚದ ಮುದುಕ

ನ್ಚೆವು
ಗುರುವಾರ, ಡಿಸೆಂಬರ್ ೧೯

ಪ್ರೀತಿಯ ಎನಿಫಾ,

ನಿನ್ನ ಮಂಡಿನೋವು ಹೇಗಿದೆ? ಆಸ್ಪತ್ರೆಯ ಹಿಂದೆ ರೋಗಿಗಳ ಕಡೆಯವರೆಲ್ಲ ಸಾಲಾಗಿ ಮಲಗುವ ಆ ಚಾವಡಿಯ ಸಿಮೆಂಟು ನೆಲ ನಿನ್ನ ಮಂಡಿಗೆ ಆಗಿಬರುವುದಿಲ್ಲ ಅಂತ ನನಗೆ ಗೊತ್ತು. ನೀನು ಮಾತ್ರ ‘ಚೆನ್ನಾಗಿದ್ದೇನೆ’ ಎಂದೇ ಬರೆಯುತ್ತೀಯ. ನಿನ್ನ ಫೋನು ಬಕೆಟ್ಟಿಗೆ ಬಿದ್ದು ಸತ್ತ ಮೇಲೆ ನಿನ್ನ ದನಿಯಲ್ಲಿ ನಿಜ ಸುಳ್ಳು ಹುಡುಕುವ ದಾರಿಯೂ ಇಲ್ಲ, ಮಿನಿಬಸ್ ಡ್ರೈವರ್ ತರುವ ಚೀಟಿಯೇ ಗತಿ. ಇಲ್ಲಿ ನಾವು ಕ್ಷೇಮ. ಮಳೆ ಹಿಡಿದಿದೆ. ಬೆಳಿಗ್ಗೆ ಬೆಟ್ಟದಿಂದ ಇಳಿದ ಮಂಜು ನಮ್ಮ ಜೋಳದ ಹೊಲಕ್ಕೆ ಬಂದು, ಮನೆಯವರ ಹಾಗೆ ನಿಧಾನವಾಗಿ ಓಡಾಡಿ, ಒಂಬತ್ತಕ್ಕೆಲ್ಲ ಎದ್ದು ಹೋಗುತ್ತದೆ. ಮಾವು ಈ ಸಲ ಎಷ್ಟೆಂದರೆ ಮೇಕೆಗಳೂ ಮುಖ ತಿರುಗಿಸುತ್ತಿವೆ.

ನಿನ್ನ ತಮ್ಮ ಯಾಕೋಬೆ ಊರುಗೋಲಿನಲ್ಲಿ ಚೆನ್ನಾಗಿ ನಡೆಯುತ್ತಿದ್ದಾನೆ. ಕಾಲು ಮುರಿದುಕೊಂಡ ಅವನನ್ನು ನೋಡಿಕೊಳ್ಳಲು ನೀನು ಬ್ಲಾಂಟೈರಿನ ದೊಡ್ಡಾಸ್ಪತ್ರೆಗೆ ಹೋದದ್ದು, ಅವನು ವಾಸಿಯಾಗಿ ಮನೆಗೆ ಬಂದು ಹನ್ನೊಂದು ದಿನವಾದದ್ದು, ಅವನನ್ನು ನೋಡಿಕೊಂಡವಳು ಮಾತ್ರ ಬಾರದೇ ಇದ್ದದ್ದು, ಇದನ್ನು ಕೇಳಿದವರಿಗೆಲ್ಲ ವಿವರಿಸಿ ನನ್ನ ಬಾಯಿ ಸವೆದಿದೆ. ಪಕ್ಕದ ಮಂಚದ ಮುದುಕನಿಗೆ ಯಾರೂ ಇಲ್ಲವಂತೆ, ಅವನಿಗಾಗಿ ಉಳಿದಿದ್ದಾಳೆ ಅಂದರೆ, ‘ಹಾಗಾದ್ರೆ ನಿಮಗೆ ಯಾರು?’ ಅಂತ ಕೇಳುತ್ತಾರೆ. ಯಾಕೋಬೆ ಮಾತ್ರ ಊರುಗೋಲು ಗೋಡೆಗೆ ಒರಗಿಸಿ ನಗುತ್ತಾನೆ: ‘ಭಾವ, ನೀವು ಕರೆದ್ರೆ ಅವಳು ಬರಲ್ಲ. ನಾನಿದ್ದಾಗ್ಲೇ ನನ್ನ ತಟ್ಟೆಯ ಎನ್ಸಿಮ ಮುದ್ದೆ ಮುರಿದು ಆ ಮುದುಕನ ಬಾಯಿಗೆ ಇಡ್ತಿದ್ಳು. ನಂಗೆ ಹೊಟ್ಟೆ ತುಂಬ್ತಾ ಅಂತ ಒಂದು ದಿನ ಕೇಳಿದವಳಲ್ಲ!’

ಶನಿವಾರ ನಮ್ಮ ಮಗಳು ತಿಯಾಂಜಾನೆಯ ಮದುವೆ. ನಿನಗೆ ನೆನಪಿಸಬೇಕಿಲ್ಲ, ಆದರೂ ಬರೆಯುತ್ತೇನೆ. ಚರ್ಚಿನಲ್ಲಿ ಕ್ರಿಸ್ಮಸ್ಸಿಗೆ ಮುಂಚೆ ಉಳಿದಿರುವುದು ಆ ಒಂದೇ ಶನಿವಾರ, ಮುಂದೆ ಹಾಕುವ ಹಾಗಿಲ್ಲ. ನಿನ್ನ ಮಹಿಳಾ ಸಂಘದವರು ಅಂಗಳ ಸಾರಿಸಿದ್ದಾರೆ, ಎಲ್ಲರಿಗೂ ಒಂದೇ ಹಸಿರು ಚಿತೆಂಜೆ ಬಟ್ಟೆ ಹೊಲಿಸಿದ್ದಾರೆ. ನಿನ್ನದು ಮಡಿಚಿದ ಹಾಗೇ ಮಂಚದ ಮೇಲಿದೆ. ನಿನ್ನ ಮಗಳು ಅದನ್ನು ದಿನಕ್ಕೆರಡು ಸಲ ಬಿಡಿಸಿ ಮತ್ತೆ ಮಡಿಚುತ್ತಾಳೆ.

ನನ್ನ ಕಸುಬು ನಿನಗೆ ಗೊತ್ತೇ ಇದೆ. ಇಪ್ಪತ್ತಾರು ವರ್ಷದಿಂದ ಈ ಜಿಲ್ಲೆಯ ಮದುವೆಗಳಲ್ಲಿ ಮೈಕು ಹಿಡಿದು ‘ಪೆರೆಕಾನಿ, ಪೆರೆಕಾನಿ!’ ಎಂದು ಕೂಗಿದ್ದೇನೆ. ಕೊಡಿ, ಕೊಡಿ ಎಂದು ನೆಂಟರನ್ನು ಕುಣಿಸಿ, ಕುಣಿಸಿ ಮದುಮಕ್ಕಳ ಬುಟ್ಟಿಗೆ ಮುಯ್ಯಿ ಹಾಕಿಸಿದ್ದೇನೆ. ಬರಿಗಾಲಲ್ಲಿ ನೆಲಗಡಲೆ ಮಾರುತ್ತಿದ್ದವನಿಗೆ ತಗಡಿನ ಸೂರು ಬಂದದ್ದು ಈ ಗಂಟಲಿನಿಂದಲೇ. ಜನ ಹೇಗೆ ಕೊಡುತ್ತಾರೆಂಬುದನ್ನು ನನ್ನಷ್ಟು ಬಲ್ಲವರಿಲ್ಲ. ದೊಡ್ಡ ನೋಟು ಮುರಿಸಿ ಚಿಲ್ಲರೆ ಮಾಡಿಕೊಂಡು, ಒಂದರ ಬದಲು ಹತ್ತು ಸಲ ಬುಟ್ಟಿಯ ತನಕ ಕುಣಿದು ಬರುವವರು. ಹೆಸರು ಕೂಗುವವರೆಗೂ ಕೈ ಬಿಚ್ಚದವರು. ತಮ್ಮ ಮಗನ ಮದುವೆಗೆ ಯಾರು ಬಂದಿದ್ದರೆಂದು ಲೆಕ್ಕವಿಟ್ಟು ಅಷ್ಟೇ ತೂಗಿ ಕೊಡುವವರು. ಮಗಳ ಮದುವೆಯಲ್ಲಿ ಹೇಗೆ ಕೂಗಬೇಕೆಂದು ಅವಳು ಅಂಬೆಗಾಲಿಡುವಾಗಿನಿಂದ ಅಭ್ಯಾಸ ಮಾಡಿದ್ದೇನೆ. ಮೊದಲ ಕುಣಿತ ತಾಯಿಯದು. ನಿನ್ನನ್ನು ಕರೆಯುವ ಮಾತು ಇಂದಿಗೂ ನನ್ನ ನಾಲಿಗೆಯ ಕೆಳಗಿದೆ.

ಅದಕ್ಕೇ ನಾನು ಬುದ್ಧಿವಂತನ ಕೆಲಸ ಮಾಡಿದೆ. ಹೋದ ವಾರ ದಿನಗೂಲಿಗೆ ಒಬ್ಬಳನ್ನು ಗೊತ್ತುಮಾಡಿ ಕಳಿಸಿದೆ, ನಿನ್ನ ಜಾಗದಲ್ಲಿ ಕೂರಲಿ ಅಂತ. ನೀನು ಅವಳಿಗೆ ಊಟ ಹಾಕಿ, ಬಸ್ಸು ಹತ್ತಿಸಿ, ಕೈಯಲ್ಲಿ ಚೀಟಿ ಕೊಟ್ಟು ಕಳಿಸಿದೆ: ‘ಒಳ್ಳೇ ಹೆಂಗಸು. ಆದ್ರೆ ಅವಳು ಗಡಿಯಾರ ನೋಡ್ತಾಳೆ, ಮಂಚದಲ್ಲಿರೋರು ಅವಳ ಮುಖ ನೋಡ್ತಾರೆ. ನೀವು ಕಳಿಸಿದ್ದು ಸಾಕು, ಬಿಡಿ.’ ಸಿಟ್ಟು ಬಂತು ಎನಿಫಾ. ಮದ್ದು ಕೊಡಲು ನರ್ಸುಗಳಿದ್ದಾರೆ. ಗಂಜಿ ತಿನ್ನಿಸಲು, ಮೈ ಒರೆಸಲು, ಮಗ್ಗುಲು ಬದಲಿಸಲು ಒಬ್ಬರು ಬೇಕು ಅಷ್ಟೇ, ಅದಕ್ಕೆ ಮುಖ ಯಾವುದಾದರೇನು ಅಂದುಕೊಂಡೆ. ಆ ಚೀಟಿಯನ್ನು ನಿನ್ನ ಸಂಘದ ಮಾಯಿ ಚಿಮ್ವಾಲರಿಗೆ ತೋರಿಸಿದೆ, ನನ್ನ ಕಡೆ ಮಾತಾಡುತ್ತಾರೆಂದು. ಆಕೆ ಓದಿ, ಮಡಿಚಿ, ಹೆಂಗಸರೆಲ್ಲರ ಮುಂದೆ ಅಂದರು: ‘ಊರಿಗೆಲ್ಲ ಕೊಡಿ ಕೊಡಿ ಅಂತ ಕೂಗೋ ಯಜಮಾನ್ರೇ, ನಿಮ್ಮನೇಲಿ ಕೊಡೋರು ಒಬ್ಬರೇ ನೋಡಿ!’ ಎಲ್ಲರೂ ನಕ್ಕರು. ನಾನೂ ನಕ್ಕೆ. ನಗಿಸುವವನು ನಗದಿದ್ದರೆ ಕೆಟ್ಟದಾಗಿ ಕಾಣುತ್ತದೆ.

ಭಾನುವಾರ ಪಾದ್ರಿಗಳು ಮೂಡಣದ ಜ್ಞಾನಿಗಳು ಕ್ರಿಸ್ಮಸ್ಸಿನ ಕೂಸಿಗೆ ತಂದ ಕಾಣಿಕೆಯ ಬಗ್ಗೆ ಪ್ರಸಂಗ ಮಾಡಿದರು. ನನಗೆ ಕಸುಬಿನ ಯೋಚನೆ: ಚಿನ್ನ ತಂದವನನ್ನು ಹೇಗೆ ಕೂಗಿ ಕರೆಯುತ್ತಿದ್ದೆ, ಸಾಂಬ್ರಾಣಿಯವನನ್ನು ಎಷ್ಟು ಸುತ್ತು ಕುಣಿಸುತ್ತಿದ್ದೆ ಎಂದು ಒಳಗೊಳಗೇ ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ಅವರೆಂದರು: ‘ಜ್ಞಾನಿಗಳು ಕೊಟ್ಟರು, ತಮ್ಮ ಊರಿಗೆ ಹೋದರು. ಹುಲ್ಲಿನ ಮೇಲೆ ಮಲಗಿದ್ದ ಕೂಸು ಹೋಗಲಿಲ್ಲ. ದೇವರು ಏನನ್ನೂ ಕಳಿಸಿಕೊಡಲಿಲ್ಲ, ತಾನೇ ಬಂದ, ಬಂದು ನಮ್ಮ ಜೊತೆ ಉಳಿದ.’ ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಅದು ಮಾಯಿ ಚಿಮ್ವಾಲರೇ ಇರಬೇಕು.

ಇವತ್ತು ಮಧ್ಯಾಹ್ನ ಮಾವಿನ ಮರದ ಕೆಳಗೆ ಚಾಪೆ ಹಾಸಿದ್ದೆ, ಕಣ್ಣು ಹತ್ತಿತು. ಕನಸಿನಲ್ಲಿ ಮದುವೆಯ ಚಪ್ಪರ, ಆದರೆ ಮೇಲೆ ಸೂರಿಲ್ಲ. ಬೆಟ್ಟದ ಮಂಜು ಒಳಗೇ ಬಂದು ಕುರ್ಚಿಗಳ ನಡುವೆ ಕೂತಿದೆ. ಮದುಮಕ್ಕಳು ಕೂರುವ ಜಾಗದಲ್ಲಿ ಒಂದು ಕಬ್ಬಿಣದ ಮಂಚ. ಅದರ ಮೇಲೆ ಯಾರೋ ಮಲಗಿದ್ದಾರೆ, ಮುಖ ಆ ಕಡೆಗಿದೆ. ನೀನು ಹಸಿರು ಚಿತೆಂಜೆ ಉಟ್ಟು ಬುಟ್ಟಿ ಹಿಡಿದು ನಿಂತಿದ್ದೀಯ. ನಾನು ಕೂಗುತ್ತೇನೆ, ಮೈಕಿನಿಂದ ದನಿ ಬರುವುದಿಲ್ಲ. ಆದರೂ ಜನ ಕುಣಿಯುತ್ತ ಬರುತ್ತಿದ್ದಾರೆ, ಇಡೀ ಜಿಲ್ಲೆಯೇ ಬರುತ್ತಿದೆ, ಒಬ್ಬರ ಕೈಯಲ್ಲೂ ಏನೂ ಇಲ್ಲ. ಬುಟ್ಟಿಯ ಹತ್ತಿರ ಬಂದವರು ಕುಣಿತ ನಿಲ್ಲಿಸಿ, ಒಳಗೆ ಒಮ್ಮೆ ಇಣುಕಿ, ಮಂಚದ ಸುತ್ತ ನೆಲದ ಮೇಲೆ ಕೂತುಬಿಡುತ್ತಾರೆ. ಬುಟ್ಟಿ ಖಾಲಿ, ಆದರೆ ಅದರ ಭಾರಕ್ಕೆ ನಿನ್ನ ತೋಳು ಬಗ್ಗುತ್ತಿದೆ. ಕಡೆಗೆ ಎಲ್ಲರೂ ಕೂತಾಯಿತು. ನಿಂತಿರುವವನು ನಾನೊಬ್ಬನೇ, ಕೈಯಲ್ಲಿ ಸತ್ತ ಮೈಕು. ನೀನು ಕರೆಯಲಿಲ್ಲ, ಸುಮ್ಮನೆ ನನ್ನ ಕಡೆ ನೋಡಿದೆ. ಆಗ ಕಿವಿಯ ಪಕ್ಕ ಒಂದು ಹಣ್ಣು ಧೊಪ್ಪನೆ ಬಿತ್ತು, ಎದ್ದೆ. ಎದ್ದ ಮೇಲೂ ಬಹಳ ಹೊತ್ತು ಆ ಮಂಜು ಕಣ್ಣಿನಿಂದ ಹೋಗಲಿಲ್ಲ.

ಬಾ ಎಂದು ಬರೆಯಲೆಂದೇ ಈ ಪತ್ರ ಶುರುಮಾಡಿದೆ. ಇಲ್ಲಿಗೆ ಬರುವಷ್ಟರಲ್ಲಿ ಆ ಮಾತು ಎಲ್ಲೋ ಜಾರಿಹೋಗಿದೆ. ಮಗಳು, ತಮ್ಮ, ಸಂಘದ ಹೆಂಗಸರು ಎಲ್ಲರೂ ನಿನ್ನನ್ನು ಕೇಳಿದ್ದಾರೆ. ಹೊಲಕ್ಕಿಳಿಯುವ ಮಂಜಿನಷ್ಟೇ ಮೆತ್ತಗೆ ದೇವರ ಕೈ ನಿನ್ನ ಮಂಡಿಯ ಮೇಲಿರಲಿ.

ಇಂತು ನಿನ್ನವನೇ,
ಡೈಸನ್

ತಾ.ಕ.: ಶುಕ್ರವಾರ ಬೆಳಿಗ್ಗೆ. ರಾತ್ರಿಯೇ ಮನಸ್ಸು ಗಟ್ಟಿಮಾಡಿ, ಪತ್ರವನ್ನು ಡ್ರೈವರ್ ಕೈಗೆ ಕೊಡುವ ಬದಲು ನಾನೇ ಮಿನಿಬಸ್ ಹತ್ತಿ ಕೂತೆ. ಆಸ್ಪತ್ರೆಯ ಗೇಟಿನ ಹೊರಗೆ, ಕಟ್ಟೆಯ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಭೇಟಿಯ ಹೊತ್ತಾಗಿಲ್ಲವೆಂದು ಕಾವಲಿನವನು ಬಿಡುತ್ತಿಲ್ಲ, ಪತ್ರ ಒಳಗೆ ಮುಟ್ಟಿಸುತ್ತೇನೆ ಅಂದಿದ್ದಾನೆ. ಒಳ್ಳೆಯದೇ ಆಯಿತು, ಎದುರಿಗೆ ಸಿಕ್ಕಿದ್ದರೆ ನೀನು ವಾದ ಮಾಡುತ್ತಿದ್ದೆ. ನಿನ್ನ ಜಾಗದಲ್ಲಿ ನಾನು ಕೂರುತ್ತೇನೆ, ಎರಡು ಗಂಟೆಯ ಮಿನಿಬಸ್ಸಿಗೆ ನೀನು ಹೊರಡು, ಡ್ರೈವರ್ ಸೀಟು ಹಿಡಿದಿಟ್ಟಿದ್ದಾನೆ. ಮೈಕನ್ನು ಜೆಲಾಸಿಗೆ ಕೊಟ್ಟು ಬಂದಿದ್ದೇನೆ. ಹೌದು, ಅದೇ ಜೆಲಾಸಿಗೆ, ಒಡೆದ ಮಡಕೆಯ ಗಂಟಲಿನವನಿಗೆ. ಮೊದಲ ಕುಣಿತಕ್ಕೆ ನಿನ್ನನ್ನು ಹೇಗೆ ಕರೆಯಬೇಕೆಂದು ಮೂರು ಸಲ ಹೇಳಿಕೊಟ್ಟಿದ್ದೇನೆ. ಶಾಸ್ತ್ರಕ್ಕೆ ಸೋದರಮಾವ ಇದ್ದರೆ ಸಾಕು, ಯಾಕೋಬೆ ಇದ್ದಾನೆ. ನಮ್ಮ ಮದುವೆಗಳಲ್ಲಿ ಅಪ್ಪ ಅಲಂಕಾರಕ್ಕಷ್ಟೇ. ಮಗಳಿಗೆ ಹೇಳಿದಾಗ ಕುತ್ತಿಗೆಗೆ ಜೋತುಬಿದ್ದು ಅಂದಳು: ‘ನೀನಿಲ್ದಿದ್ರೆ ಗದ್ದಲ ಇರಲ್ಲ ಅಪ್ಪಾ, ಅಮ್ಮ ಇಲ್ದಿದ್ರೆ ನಾನೇ ಇರಲ್ಲ.’ ಆಮೇಲೆ ಇಬ್ಬರೂ ಅತ್ತೆವು, ಅದನ್ನು ಯಾರಿಗೂ ಹೇಳಬೇಡ. ಭಾನುವಾರ ಬಂದು ನನ್ನನ್ನು ಬಿಡಿಸಿದರಾಯಿತು, ಅವಸರವಿಲ್ಲ. ನನಗೆ ಗಡಿಯಾರವಿಲ್ಲ, ಮನೆಯಲ್ಲೇ ಬಿಚ್ಚಿಟ್ಟು ಬಂದಿದ್ದೇನೆ. ಗಂಜಿ ಎಷ್ಟು ತೆಳ್ಳಗಿರಬೇಕು, ಯಾವ ಮಗ್ಗುಲು ನೋಯುತ್ತದೆ, ಎಲ್ಲ ಗೇಟಿನ ಹತ್ತಿರ ಬಂದು ಹೇಳು. ಇನ್ನೊಂದು. ಹನ್ನೊಂದು ದಿನ ಇಡೀ ಊರಿಗೆ ಪಕ್ಕದ ಮಂಚದ ಮುದುಕ ಎಂದೇ ಹೇಳಿಕೊಂಡು ತಿರುಗಿದೆ, ಅವರ ಹೆಸರು ಕೇಳಲೇ ಇಲ್ಲ. ಹೇಳಿ ಹೋಗು. ಎಬ್ಬಿಸುವಾಗ ಕರೆಯಬೇಕಲ್ಲ.