ಮೂರನೇ ರ‍್ಯಾಕಿನ ರಟ್ಟು

೧೪ ಮೇ ೨೦೧೩, ಮಂಗಳವಾರ. ಡೊಂಬಿವಲಿ.

ನಾನು ಕ್ಷಮಾಪಣೆ ಪತ್ರ ಕೊಡಬೇಕಂತೆ, ಇಲ್ಲದಿದ್ದರೆ ಕೆಲಸಕ್ಕೆ ಬರಬಾರದಂತೆ. ಬರೆಯುವವನು ನಾನಲ್ಲ.

ರಬಾಳೆಯ ನಮ್ಮ ಸರ್ವರ್ ರೂಮಿನಲ್ಲಿ ಮೂರನೇ ರ‍್ಯಾಕಿನ ಮಷೀನು ವಾರದಿಂದ ಕಾದು ಕಾದು ತಾನಾಗಿಯೇ ಆಫ್ ಆಗುತ್ತಿತ್ತು. ಫ್ಯಾನುಗಳದ್ದು ಒಂದೇ ಕಿರುಚಾಟ. ಮ್ಯಾನೇಜರ್ ಸಂಯುಕ್ತಾ, ಮೈಸೂರಿನ ಹುಡುಗಿ, "ಆಫ್ ಆಗೋ ಬಿಸಿಯ ಲಿಮಿಟ್ಟನ್ನೇ ಏರಿಸಿಬಿಡೋಣ ಅಂಕಲ್" ಅಂದಳು. ಜ್ವರ ಬಂದವನ ಥರ್ಮಾಮೀಟರ್ ಕಿತ್ತುಕೊಂಡ ಹಾಗೆ.

ನಾನು ಊದುಬತ್ತಿ ಹಚ್ಚಿ ರ‍್ಯಾಕಿನ ಮುಂದೆ ಹಿಡಿದೆ. ಖಾಲಿ ಖಾನೆಯ ಹತ್ತಿರ ಹೊಗೆ ನನ್ನ ಮುಖಕ್ಕೇ ಬಂತು. ಹಿಂದಿನ ಬಿಸಿಗಾಳಿ ಅಲ್ಲಿಂದ ಮುಂದಕ್ಕೆ ನುಗ್ಗುತ್ತಿತ್ತು, ಫ್ಯಾನು ಅದನ್ನೇ ಮತ್ತೆ ಎಳೆದುಕೊಳ್ಳುತ್ತಿತ್ತು. ಏಳನೇ ಕ್ಲಾಸಷ್ಟೇ ಓದಿದ ನನಗೆ ಕಂಡದ್ದು ಇಂಜಿನಿಯರುಗಳಿಗೆ ಕಾಣಲಿಲ್ಲ.

ಅಷ್ಟರಲ್ಲಿ ಹೊಗೆಯ ಅಲಾರಾಂ ಹೊಡೆಯಿತು. ಇಡೀ ಬಿಲ್ಡಿಂಗ್ ಬಿಸಿಲಿಗೆ ಇಳಿಯಿತು. ನಾನೊಬ್ಬ ಒಳಗೇ ಉಳಿದು ಮಿಠಾಯಿ ಡಬ್ಬಿಯ ರಟ್ಟು ಕತ್ತರಿಸಿ ಖಾನೆ ಮುಚ್ಚಿದೆ. ಅವರು ವಾಪಸ್ ಬರುವಾಗ ಫ್ಯಾನುಗಳು ತಣ್ಣಗಾಗಿದ್ದವು.

"ಇನ್ನೊಮ್ಮೆ ಹೀಗೆ ಮಾಡಲ್ಲ ಅಂತ ಬರೆದುಕೊಡಿ ಅಂಕಲ್."

"ಆಯ್ತಮ್ಮ, ರಟ್ಟು ತೆಗೆಯಲಾ?"

ಸಂಯುಕ್ತಾ ರ‍್ಯಾಕ್ ನೋಡಿದಳು. "ಅದು ಇರಲಿ."

ರಟ್ಟು ಇರಬೇಕು, ನಾನು ತಲೆ ತಗ್ಗಿಸಬೇಕು. ನಾಳೆ ಹೋಗಿ ಆ ರಟ್ಟಿನ ಮೇಲೆ ದಪ್ಪಗೆ ನನ್ನ ಹೆಸರು ಬರೆಯುತ್ತೇನೆ. ಬೇಕಿದ್ದರೆ ಅದನ್ನೇ ಪತ್ರ ಅಂತ ಫೈಲಿಗೆ ಹಾಕಿಕೊಳ್ಳಲಿ.