ಬೆಟ್ಟದ ಊರಿನ ಖಾಲಿ ಅಂಗಡಿ

ಗುಂಡುಸೂಜಿ,

ಒಂದೇ ಹೊಲಿಗೆ ಅಂಗಡಿ ನಡೆಸಿದ ನಾವು ಮಾತು ಬಿಟ್ಟು ಏಳು ವರ್ಷವಾಯಿತು. ಈಗಲೂ ಹೀಗೆ ಕರೆಯಬಹುದೋ ಇಲ್ಲವೋ ತಿಳಿಯದು.

ಬರುವ ತಿಂಗಳು ನಾನೂ ಯಜಮಾನರೂ ನೀನು ಹೋಗಿ ನೆಲೆಸಿದ ಬೆಟ್ಟದ ಊರಿಗೆ ಹೊರಟಿದ್ದೇವೆ. ಹೆಸರಿಗೆ ಪ್ರವಾಸ, ಹಿಡಿಸಿದರೆ ಅಲ್ಲೇ ಉಳಿಯುವ ಯೋಚನೆ. ಯಜಮಾನರು ಜಲಪಾತಗಳ ಪಟ್ಟಿ ಮಾಡುತ್ತಿದ್ದಾರೆ, ನಾನು ಮನೆ, ಅಂಗಡಿ ವಿಚಾರಿಸುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಅಲ್ಲಿನ ಮಾಲೀಕರೊಬ್ಬರಿಗೆ ಫೋನ್ ಮಾಡಿದೆ.

"ಟೈಲರಿಂಗಾ? ನಿಮ್ಮ ಅದೃಷ್ಟ, ಬಟ್ಟೆ ಕತ್ತರಿಸೋ ಮೇಜೂ ಇದೆ. ಮೊದಲು ಒಬ್ಬ ಹೆಂಗಸು ಇದ್ರು, ಎಡಗೈಲಿ ಕತ್ತರಿ ಹಿಡಿಯೋರು. ಹೋದ ವರ್ಷ ಖಾಲಿ ಮಾಡ್ಕೊಂಡು ಹೋದ್ರು."

"ಎಲ್ಲಿಗೆ?"

"ಯಾರಿಗೂ ಹೇಳ್ಲಿಲ್ಲ. ನಿಮಗೆ ಪರಿಚಯನಾ?"

ಎಡಗೈ ಅಂದಾಗಲೇ ನೀನೆಂದು ತಿಳಿದಿತ್ತು, ಆದರೂ "ಇಲ್ಲ" ಅಂದುಬಿಟ್ಟೆ. ಯಾಕೆ ಹಾಗಂದೆನೋ, ಬಾಯಿಗೆ ಬಂದದ್ದು ಅದೇ.

"ಅಂಗಡಿ ಇದೆಯಂತಾ?" ಯಜಮಾನರು ಕೇಳಿದರು.

"ಇದೆಯಂತೆ."

"ಮತ್ತೆ ಮುಖ ಯಾಕೆ ಹಾಗಿದೆ? ಬೇಡ ಅನಿಸಿದ್ರೆ ಟಿಕೆಟ್ ಕ್ಯಾನ್ಸಲ್ ಮಾಡ್ಲಾ?"

ಬೇಡ ಅಂದೆ. ಸ್ವಲ್ಪ ಹೊತ್ತಾದ ಮೇಲೆ ಮಾಡಿ ಅಂದೆ. ಮತ್ತೆ ಬೇಡ ಅಂದೆ. ಪಾಪ, ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡುತ್ತಾ ಕೂತರು.

ನಿನ್ನ ವಿಳಾಸವೆಂದು ನನಗೆ ಗೊತ್ತಿದ್ದದ್ದು ಆ ಊರೊಂದೇ. ಈ ಕಾಗದವನ್ನು ಇನ್ನು ಎಲ್ಲಿಗೆ ಹಾಕಲಿ?

ಈ ಊರಿನ ಸೆಕೆ ಸಾಕಾಗಿದೆ, ತಂಪು ಹವೆ ಬೇಕು ಅಂತ ಇಷ್ಟು ದಿನ ಅವರಿಗೂ ಹೇಳಿದೆ, ನನಗೂ ಹೇಳಿಕೊಂಡೆ. ಅಲ್ಲಿ ಹವೆ ಈಗಲೂ ತಂಪಾಗಿಯೇ ಇದೆಯಂತೆ.