ಸುತ್ತಿ ಹೋಗುವ ಕ್ರಿಯಾಪದ

ನರೀನ್
ಮಾರ್ಚ್ ೧೪, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಪಾ,

ಅತ್ತೆಯವರಿಗೆ ಸೊಸೆ ಜಿಪಾರಳ ನಮಸ್ಕಾರ. ಕಣ್ಣಿನ ಆಪರೇಷನ್ ಆದ ಮೇಲೆ ನೀವು ಓದುವ ಹಾಗಿಲ್ಲ. ನಿಮ್ಮ ಮಗ ಎರ್ಮೆಕ್ ಇವತ್ತು ಕೊಚ್ಕೋರಿಗೆ, ನೀವಿರುವ ಮಗಳ ಮನೆಗೆ, ನಿಮ್ಮ ಉಣ್ಣೆಬೂಟು ತರುತ್ತಿದ್ದಾರೆ, ಇದನ್ನೂ ಅವರೇ ಓದಿ ಹೇಳುತ್ತಾರೆ.

ನಿಮ್ಮ ಮೊಮ್ಮಗಳು ಚೋಲ್ಪನ್ ಆಡಿಕೊಂಡಿದ್ದಾಳೆ. ಹಣೆಯ ಗಾಯ ಮಾಸಿದೆ. ನಾನೇ ರಾತ್ರಿ ಎದ್ದೆದ್ದು ಅವಳ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತೇನೆ.

ಮೊನ್ನೆ ಏಳನೇ ತರಗತಿಗೆ ‘ಐಲನ್’, ಅದೇ ‘ಸುತ್ತು’ ಎನ್ನುವ ಕ್ರಿಯಾಪದ ಕೊಟ್ಟು ವಾಕ್ಯ ಮಾಡಿಸಿದೆ. ಬಂಡೆ ಬಿದ್ದಿತ್ತು, ಸುತ್ತಿ ಹೋದೆವು. ನಾಯಿ ಕಂಡು ಸುತ್ತಿ ಹೋದೆವು. ಹಿಂದಿನ ಬೆಂಚಿನ ಹುಡುಗಿ ಎದ್ದಳು: “ಅಪ್ಪ ಕೇಳಿದ ಮಾತನ್ನ ಅಮ್ಮ ಸುತ್ತಿ ಹೋದ್ಲು, ಟೀಚರ್!” ಎಲ್ಲರೂ ನಕ್ಕರು. ನಾನು ಬೋರ್ಡಿನ ಕಡೆ ತಿರುಗಿಕೊಂಡೆ.

ಅಪಾ, ಚೋಲ್ಪನ್‌ಗೆ ಪೆಟ್ಟಾದ ಆ ಮಧ್ಯಾಹ್ನ ತೊಟ್ಟಿಲ ಪಟ್ಟಿ ಬಿಚ್ಚಿ ಮಗುವನ್ನು ಮಡಿಲಿಗೆ ತೆಗೆದುಕೊಂಡವಳು ನಾನು. ಹಾಲು ಕುಡಿಸುತ್ತಲೇ ಕಣ್ಣು ಹತ್ತಿತು. ಅವಳು ಉರುಳಿ ಒಲೆಯ ಕಾಲಿಗೆ ಬಡಿದ ಸದ್ದಿಗೇ ನನಗೆ ಎಚ್ಚರ. ನೀವು ಹಾಲಿನ ಬಕೆಟ್ ಬಾಗಿಲಲ್ಲೇ ಬಿಟ್ಟು ಓಡಿ ಬಂದಿರಿ, ಅವಳನ್ನೆತ್ತಿ “ಐಲನಾಯಿನ್, ನನ್ನ ಚಿನ್ನ, ಐಲನಾಯಿನ್” ಎಂದು ತೂಗಿದಿರಿ. ಎರ್ಮೆಕ್ ಒಳಗೆ ಬಂದದ್ದು ಆಗ. ಏನಾಯಿತು ಎಂದು ನನ್ನನ್ನೇ ಕೇಳಿದರು.

“ಮಗು ಅಪಾ ಕೈಲಿದೆಯಲ್ಲ,” ಅಂದೆ.

ಒಂದು ಅಕ್ಷರವೂ ಸುಳ್ಳಲ್ಲ. ಕಾಲೇಜಿನಲ್ಲಿ ಐದು ವರ್ಷ ವ್ಯಾಕರಣ ಓದಿದವಳು, ಹಾಗೆ ಹೇಳುವುದು ನನಗೆ ಕಷ್ಟವಾಗಲಿಲ್ಲ.

“ನಿಂಗೆ ವಯಸ್ಸಾಯ್ತಮ್ಮ, ಇನ್ಮೇಲೆ ಮಗೂನ ಎತ್ಕೋಬೇಡ,” ಎಂದು ಅವರು ಗದರಿದಾಗ ನೀವು ನನ್ನ ಕಡೆ ಒಮ್ಮೆ ನೋಡಿದಿರಿ. “ಹೌದಪ್ಪ, ತೋಳಲ್ಲಿ ಮುಂಚಿನ ಕಸುವಿಲ್ಲ,” ಅಂದಿರಿ. ಮೂರನೇ ದಿನ ಗಂಟು ಕಟ್ಟಿ ಮಗಳ ಮನೆಗೆ ಹೊರಟಿರಿ. ನಾನು ಬಸ್ಸಿಗೆ ರೊಟ್ಟಿ ಕಟ್ಟಿಕೊಟ್ಟೆ. ಅದೊಂದೇ ಮಾಡಿದ್ದು.

ಐಲನಾಯಿನ್ ಎಂದರೆ ನಿನ್ನ ಸುತ್ತು ಬರುತ್ತೇನೆ, ನಿನ್ನ ಕೇಡೆಲ್ಲ ನನಗಿರಲಿ ಎಂದು ಅರ್ಥ. ದಿನಕ್ಕೆ ನೂರು ಸಲ ಅನ್ನುತ್ತೇವೆ, ಯಾರೂ ಅರ್ಥ ನೋಡುವುದಿಲ್ಲ. ಅದೇ ಧಾತು, ಅಪಾ. ನಾನು ನಿಜವನ್ನು ಸುತ್ತಿ ಹೋದೆ. ನೀವು ನನ್ನ ಸುತ್ತು ಬಂದಿರಿ. ಮಕ್ಕಳಿಗೆ ಇದನ್ನು ಹೇಗೆ ಕಲಿಸಲಿ?

ಕ್ಷಮಿಸಿ ಎನ್ನಲೂ ಮುಖವಿಲ್ಲ. ಮನೆಗೆ ಬನ್ನಿ. ಚೋಲ್ಪನ್ ನಿಮ್ಮ ಕೈಯಲ್ಲೇ ಬೆಳೆಯಲಿ.

ತಲೆ ಎತ್ತಲಾರದ
ನಿಮ್ಮ ಸೊಸೆ
ಜಿಪಾರ

ತಾ.ಕ.: ಓದುವಾಗ ಎರ್ಮೆಕ್‌ಗೂ ಗೊತ್ತಾಗಲಿ ಎಂದುಕೊಂಡೇ ಇದನ್ನು ಬರೆಯತೊಡಗಿದ್ದೆ. ಸಹಿ ಹಾಕಿದ ಮೇಲೆ ಹೊಳೆಯಿತು, ಇದೂ ಸುತ್ತುದಾರಿಯೇ. ಅಂಗಳಕ್ಕೆ ಹೋಗಿ ಹೇಳಿಬಿಟ್ಟೆ. ಕಾರಿನ ಗಾಜಿನ ಹಿಮ ಕೆರೆಯುತ್ತಿದ್ದವರು ಕೈ ನಿಲ್ಲಿಸಿದರು. ಉಳಿದ ಹಿಮವನ್ನೂ ಕೆರೆದು ಮುಗಿಸಿದರು. ಆಮೇಲೆ, “ಮಗೂಗೆ ಬೆಚ್ಚಗೆ ಹಾಕು. ನೀನೂ ಹೊರಡು,” ಅಂದರು. ಆದ್ದರಿಂದ ಈಗ ಓದುತ್ತಿರುವ ದನಿ ನನ್ನದೇ, ಅಪಾ. ಓದು ನಡುವೆ ನಿಂತುಹೋಗಿದ್ದರೆ ಅದಕ್ಕೇ.